ಪೆನ್ನಿನ ರೀಫಿಲ್ ಬರ್ತಾ ಇಲ್ಲ

“ಆ ರೀಫಿಲ್ ಈಗ ಬರ್ತಾ ಇಲ್ಲಮ್ಮ. ಬಾಟ್ಲಿ ಇದೆ, ಕೊಡ್ಲಾ?” ಔಷಧಿ ಅಂಗಡಿಯ ಕೌಂಟರಿನಲ್ಲಿ ಈ ಪ್ರಶ್ನೆ ಕೇಳಿಸಿಕೊಂಡವರಿಗೆ ಯೋಚಿಸಲು ಹೆಚ್ಚು ಹೊತ್ತು ಸಿಗುವುದಿಲ್ಲ. ಹಿಂದೆ ಜನ ನಿಂತಿರುತ್ತಾರೆ, ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚಿನ ಇಂಜೆಕ್ಷನ್ನಿಗೆ ಕಾಯುವವರಿರುತ್ತಾರೆ. ಬಾಟ್ಲಿ ಒಯ್ದರೆ ಜೊತೆಗೆ ಯಾವ ಸಿರಿಂಜು, ಡೋಸ್ ಅದೇನಾ ಬೇರೆಯಾ, ಚುಚ್ಚುವುದನ್ನು ಹೇಳಿಕೊಡುವವರು ಯಾರು ಎಂಬುದೆಲ್ಲ ಆ ಕ್ಷಣಕ್ಕೆ ಹೊಳೆಯುವುದೂ ಇಲ್ಲ. ವರ್ಷಗಟ್ಟಲೆ ಒಂದು ಉಪಕರಣವನ್ನು ನಂಬಿದ ಮನೆಗೆ ಅದು ನಿಂತುಹೋಯಿತೆಂಬ ಸುದ್ದಿ ಮುಟ್ಟುವುದು ಹೀಗೆ, ಚಿಲ್ಲರೆ ಎಣಿಸುವ ಹೊತ್ತಿನಲ್ಲಿ.

2025ರಲ್ಲಿ ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಕಂಪನಿ ಭಾರತದಲ್ಲಿ ಹ್ಯೂಮನ್ ಮಿಕ್ಸ್‌ಟಾರ್ಡ್ ಇನ್ಸುಲಿನ್ನಿನ ಫ್ಲೆಕ್ಸ್‌ಪೆನ್ನನ್ನೂ ಜನ ರೀಫಿಲ್ ಎನ್ನುವ ಪೆನ್‌ಫಿಲ್ ಕಾರ್ಟ್ರಿಜ್ಜನ್ನೂ ಹಂತ ಹಂತವಾಗಿ ನಿಲ್ಲಿಸುತ್ತಿರುವುದು ಸುದ್ದಿಯಾಯಿತು. ಇನ್ಸುಲಿನ್ ನಿಲ್ಲುವುದಿಲ್ಲ, ವಯಲ್ಲಿನಲ್ಲಿ ಅಂದರೆ ನಮ್ಮ ಜನ ಬಾಟ್ಲಿ ಎನ್ನುವ ಗಾಜಿನ ಶೀಶೆಯಲ್ಲಿ ಸಿಗುತ್ತಲೇ ಇರುತ್ತದೆ ಎಂಬ ವಿವರಣೆಯೂ ಜೊತೆಗಿತ್ತು. ಹೊಸ ಚಿಕಿತ್ಸೆಗಳತ್ತ ಗಮನ ಹರಿಸಲು ಉತ್ಪನ್ನಗಳ ಪಟ್ಟಿಯನ್ನು ಚಿಕ್ಕದು ಮಾಡುತ್ತಿದ್ದೇವೆ ಎಂಬುದು ಕಂಪನಿಯ ನಿಲುವು. ವ್ಯಾಪಾರದ ಪುಟದಲ್ಲಿ ಓದಿದರೆ ಇದರಲ್ಲಿ ಆತಂಕಪಡುವಂಥದ್ದೇನೂ ಕಾಣಿಸುವುದಿಲ್ಲ. ಔಷಧ ಅದೇ, ಅದನ್ನು ತುಂಬಿಕೊಡುವ ಪಾತ್ರೆ ಮಾತ್ರ ಬೇರೆ. ಈ ಒಂದು ವಾದವನ್ನೇ ನಾನಿಲ್ಲಿ ಪರೀಕ್ಷೆಗೆ ಒಡ್ಡುತ್ತಿದ್ದೇನೆ. ಅದು ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಇನ್ಸುಲಿನ್ ಪೆನ್ನು ಬರಿಯ ಪಾತ್ರೆಯಲ್ಲ. ರೋಗಿ ಇನ್ನೊಬ್ಬರ ಕೈ ಕಾಯದೆ ತನ್ನ ಔಷಧವನ್ನು ತಾನೇ ತೆಗೆದುಕೊಳ್ಳುವ ಸ್ವಾತಂತ್ರ್ಯ ಅದರೊಳಗಿತ್ತು. ಪೆನ್ನನ್ನು ಹಿಂದಕ್ಕೆ ಪಡೆದಾಗ ಆ ಸ್ವಾತಂತ್ರ್ಯವೂ ಹಿಂದಕ್ಕೆ ಹೋಗುತ್ತದೆ, ಅದರ ಭಾರ ಮನೆಯ ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ. ಈ ವರ್ಗಾವಣೆಯ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ.

ಮೊದಲು ಪೆನ್ನಿನ ಗುಣ ಏನೆಂದು ನೋಡೋಣ. 1985ರಲ್ಲಿ ಇದೇ ಕಂಪನಿ ನೋವೊಪೆನ್ ಎಂಬ ಹೆಸರಿನಲ್ಲಿ ಮೊದಲ ಇನ್ಸುಲಿನ್ ಪೆನ್ನನ್ನು ಮಾರುಕಟ್ಟೆಗೆ ತಂದಾಗ ಅದು ನಿಜಕ್ಕೂ ದೊಡ್ಡ ಕೆಲಸ. ಅಲ್ಲಿಯವರೆಗೆ ಇನ್ಸುಲಿನ್ ಅಂದರೆ ಶೀಶೆ, ಸಿರಿಂಜು, ಸೂಜಿ, ಸ್ಪಿರಿಟ್ ಹತ್ತಿ, ಬೆಳಕಿನ ಕಡೆ ಹಿಡಿದು ಗೆರೆ ನೋಡುವುದು. ಇಂದಿನ ಪೆನ್ನಿನ ಮೂರು ಮಿಲಿಲೀಟರಿನ ಕಾರ್ಟ್ರಿಜ್ ಒಂದರಲ್ಲಿ 300 ಯೂನಿಟ್ ಇನ್ಸುಲಿನ್. ಅದನ್ನು ಪೆನ್ನಿಗೆ ಹಾಕಿ, ಉಗುರಿಗಿಂತ ಚಿಕ್ಕದಾದ ನಾಲ್ಕು ಮಿಲಿಮೀಟರ್ ಸೂಜಿ ತಿರುಗಿಸಿ ಕೂರಿಸಿ, ಹಿಂದಿನ ಗುಂಡಿಯನ್ನು ತಿರುವಿದರೆ ಒಂದೊಂದು ಯೂನಿಟ್ಟಿಗೂ ಒಂದು ಕ್ಲಿಕ್. ಚುಚ್ಚಿ, ಗುಂಡಿ ಒತ್ತಿ, ಆರು ಎಣಿಸಿ ತೆಗೆದರೆ ಕೆಲಸ ಮುಗಿಯಿತು. ಮಿಕ್ಸ್‌ಟಾರ್ಡ್ ಹಾಲಿನಂತೆ ಬೆಳ್ಳಗಿರುವ ಔಷಧ. ಬೇಗ ಕೆಲಸ ಮಾಡುವ ಇನ್ಸುಲಿನ್ 30 ಭಾಗ, ನಿಧಾನಕ್ಕೆ ಕೆಲಸ ಮಾಡುವುದು 70 ಭಾಗ. ನಿಂತಲ್ಲಿ ತಳಕ್ಕೆ ಇಳಿಯುವುದರಿಂದ ಚುಚ್ಚುವ ಮುಂಚೆ ಪೆನ್ನನ್ನು ಮೇಲೆ ಕೆಳಗೆ ತಿರುಗಿಸಿ ಸಮನಾಗಿ ಬೆರೆಸಬೇಕು. ಕಲಿಯಲು ಒಂದು ದಿನ ಸಾಕು, ಓದು ಬಾರದವರೂ ಕಲಿಯುತ್ತಾರೆ.

ಸಕ್ಕರೆ ಕಾಯಿಲೆ ಕೊನೆಗೆ ಕಣ್ಣಿಗೆ ಬರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಆ ಕ್ಲಿಕ್ಕಿನ ಬೆಲೆ ಗೊತ್ತಾಗುತ್ತದೆ. ಹದಿನೈದು ಇಪ್ಪತ್ತು ವರ್ಷ ಶುಗರ್ ಇದ್ದ ಅನೇಕರ ರೆಟಿನಾ ಹಾಳಾಗುತ್ತದೆ, ಲೇಸರ್ ಮಾಡಿಸಿಕೊಂಡಿರುತ್ತಾರೆ, ಮೇಲೆ ಪೊರೆ ಬೇರೆ. ಬೆರಳ ತುದಿಗಳು ಜೋಮು ಹಿಡಿದಿರುತ್ತವೆ. ಇನ್ಸುಲಿನ್ ಬೇಕಾಗುವ ಹೊತ್ತಿಗೆ ಅದನ್ನು ಅಳೆಯಲು ಬೇಕಾದ ಕಣ್ಣು, ಕೈ ಎರಡನ್ನೂ ಅದೇ ಕಾಯಿಲೆ ತಿಂದಿರುತ್ತದೆ. ಕ್ಲಿಕ್ ಎಣಿಸಿಕೊಂಡು ಡೋಸ್ ನಿರ್ಧರಿಸಬೇಡಿ, ಕಿಂಡಿಯಲ್ಲಿ ಕಾಣುವ ಅಂಕಿಯನ್ನೇ ನೋಡಿ, ದೃಷ್ಟಿ ತೀರಾ ಕಡಿಮೆಯಿದ್ದರೆ ಇನ್ನೊಬ್ಬರ ಸಹಾಯ ಪಡೆಯಿರಿ ಎಂದು ಪೆನ್ನಿನ ಕೈಪಿಡಿ ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ಮನೆಗಳಲ್ಲಿ ನಡೆಯುವುದು ಮಾತ್ರ ಬೇರೆ. ಅಂಕಿ ಮಂಜಾಗಿ ಕಂಡರೂ ಕಿವಿ ಮತ್ತು ಬೆರಳು ಸೇರಿ ಡೋಸನ್ನು ಖಚಿತ ಮಾಡಿಕೊಳ್ಳುತ್ತವೆ. ಸಿರಿಂಜಿನ ಕೂದಲೆಳೆಯಂಥ ಗೆರೆಗಳು ಕಿವಿಗೆ ಏನನ್ನೂ ಹೇಳುವುದಿಲ್ಲ.

ಇಂಥ ಪೆನ್ನು ನಿಂತ ಒಂದು ಮನೆ ನನಗೆ ಹತ್ತಿರದಿಂದ ಗೊತ್ತು. ಹಾಸನದ ಕಡೆಯವರು. ಅಜ್ಜಿಗೆ ಎಪ್ಪತ್ತು ದಾಟಿದೆ, ಬೆಳಿಗ್ಗೆ 22 ರಾತ್ರಿ 14 ಯೂನಿಟ್. ಮಗನಿಗೆ ಬಸ್ ಡಿಪೋದಲ್ಲಿ ಪಾಳಿಯ ಕೆಲಸ, ಸೊಸೆ ಪಕ್ಕದ ಹಳ್ಳಿಯ ಶಾಲೆಯಲ್ಲಿ ಟೀಚರ್. ಪೆನ್ನಿದ್ದಾಗ ಅಜ್ಜಿಯ ಇಂಜೆಕ್ಷನ್ ಯಾರ ದಿನಚರಿಯಲ್ಲೂ ಇರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ, ದೇವರ ಮನೆಯಿಂದ ಹೊರಗೆ ಬಂದು, ಕಿಟಕಿಯ ಹತ್ತಿರ ಕುಳಿತು ತಾನೇ ಚುಚ್ಚಿಕೊಂಡು “ನನ್ನ ತಿಂಡಿ ಅರ್ಧ ಗಂಟೆಗೆ” ಎಂದು ಅಡುಗೆಮನೆಗೆ ಕೂಗಿ ಹೇಳುತ್ತಿದ್ದರು. ಮದುವೆ, ಮುಂಜಿ, ಧರ್ಮಸ್ಥಳ ಎಂದು ಹೊರಟಾಗ ಪೆನ್ನು ಅವರ ಕೈಚೀಲದಲ್ಲಿ ಕನ್ನಡಕದ ಡಬ್ಬಿಯ ಪಕ್ಕ ಇರುತ್ತಿತ್ತು. ಬಾಟ್ಲಿ ಬಂದ ಮೇಲೆ ಸೊಸೆ ಬೆಳಿಗ್ಗೆ ಹೊರಡುವ ಮುಂಚೆ ಚುಚ್ಚಬೇಕು, ಹಾಗಾಗಿ ಅಜ್ಜಿ ಮೊದಲಿಗಿಂತ ಬೇಗ ತಿಂಡಿ ತಿನ್ನಬೇಕಾಯಿತು. ರಾತ್ರಿ ಯಾರಾದರೂ ಮನೆಯಲ್ಲಿ ಇರಲೇಬೇಕು. ಸೊಸೆ ತವರಿಗೆ ಹೋಗುವ ದಿನ ಪಕ್ಕದ ಬೀದಿಯ ನರ್ಸಮ್ಮನಿಗೆ ಹೇಳಿಡಬೇಕು. ಅಜ್ಜಿ ಈಗ ಯಾವ ಮದುವೆಗೂ ಉಳಿದುಕೊಳ್ಳುವಂತೆ ಹೋಗುವುದಿಲ್ಲ. ಶುಗರ್ ರಿಪೋರ್ಟಿನಲ್ಲಿ ಇವು ಯಾವುವೂ ಕಾಣುವುದಿಲ್ಲ, ರಿಪೋರ್ಟ್ ಚೆನ್ನಾಗಿಯೇ ಇದೆ. ಸೊಸೆ ಅಷ್ಟು ಶ್ರದ್ಧೆಯಿಂದ ಮಾಡುತ್ತಾರೆ. ಆದರೆ ಆ ಚೆನ್ನಾಗಿರುವ ಅಂಕಿಯ ಹಿಂದೆ ಇಬ್ಬರು ಹೆಂಗಸರ ದಿನಗಳು ಕುಗ್ಗಿವೆ.

ಬಾಟ್ಲಿಗೆ ಬದಲಾಗುವುದರಲ್ಲಿ ಇನ್ನೊಂದು ಅಪಾಯವಿದೆ, ಅದು ನಮ್ಮ ದೇಶಕ್ಕೆ ವಿಶೇಷವಾದದ್ದು. ಪೆನ್ನಿನ ಕಾರ್ಟ್ರಿಜ್ಜಿನಲ್ಲಿರುವ ಇನ್ಸುಲಿನ್ ಮಿಲಿಲೀಟರಿಗೆ 100 ಯೂನಿಟ್. ಭಾರತದಲ್ಲಿ ಸಾಮಾನ್ಯವಾಗಿ ಸಿಗುವ ಬಾಟ್ಲಿಯಲ್ಲಿ ಮಿಲಿಲೀಟರಿಗೆ 40 ಯೂನಿಟ್. ಬಹಳ ದೇಶಗಳು 40ನ್ನು ಕೈಬಿಟ್ಟು 100ಕ್ಕೆ ಬಂದು ಎಷ್ಟೋ ಕಾಲವಾಯಿತು, ನಮ್ಮಲ್ಲಿ ಎರಡೂ ಉಳಿದುಕೊಂಡಿವೆ. ಎರಡಕ್ಕೂ ಸಿರಿಂಜು ಬೇರೆ ಬೇರೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಸಂಜೆಯ ಮಬ್ಬು ಬೆಳಕಿನಲ್ಲಿ ಕೆಂಪು ಯಾವುದು ಕಿತ್ತಳೆ ಯಾವುದು ಎಂದು ಪೊರೆ ಬಂದ ಕಣ್ಣಿಗೆ ಹೇಗೆ ತಿಳಿಯಬೇಕು? ಬಾಟ್ಲಿಯ ಔಷಧವನ್ನು ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಸೇರುವುದು ಎಂಟೇ ಯೂನಿಟ್. ಶುಗರ್ ಏರುತ್ತಾ ಹೋಗುತ್ತದೆ, ಔಷಧವೇ ಸರಿಯಿಲ್ಲ ಎಂದು ಮನೆಯವರು ತೀರ್ಮಾನಿಸುತ್ತಾರೆ. ಇದರ ತಿರುವುಮುರುವು ಇನ್ನೂ ಭಯಂಕರ. ಫ್ರಿಜ್ಜಿನಲ್ಲಿ ಹಳೆಯ ಎರಡು ಕಾರ್ಟ್ರಿಜ್ ಉಳಿದಿವೆ, ಪೆನ್ನು ಕೆಟ್ಟಿದೆ, ದುಡ್ಡು ಕೊಟ್ಟ ಔಷಧ ಹಾಳಾಗಬಾರದು ಎಂದು ಕೆಂಪು ಸಿರಿಂಜನ್ನು ಕಾರ್ಟ್ರಿಜ್ಜಿಗೆ ಚುಚ್ಚಿ 20ರ ಗೆರೆಗೆ ಎಳೆದರೆ, ಒಳಹೋಗುವುದು 50 ಯೂನಿಟ್. ವಯಸ್ಸಾದವರಿಗೆ ಅಷ್ಟು ಇನ್ಸುಲಿನ್ ನಿದ್ದೆಯಲ್ಲೇ ಪ್ರಾಣಕ್ಕೆ ಎರವಾಗಬಹುದು. ಮಿತವ್ಯಯವನ್ನು ಗುಣವೆಂದು ಕಲಿತ ಮನೆಗಳಲ್ಲಿ ಇಂಥ ತಪ್ಪು ನಡೆಯುವ ಸಂಭವ ಹೆಚ್ಚು.

ಸರಿಯಾದ ಸಿರಿಂಜು ತಂದರೂ ಕಣ್ಣು ಮೋಸ ಮಾಡುತ್ತದೆ. ಪೆನ್ನಿನಲ್ಲಿ 20 ಯೂನಿಟ್ ಎಂದರೆ ಕಾಲು ಮಿಲಿಲೀಟರಿಗೂ ಕಡಿಮೆ, ಅದೂ ಕಣ್ಣಿಗೆ ಕಾಣುವುದಿಲ್ಲ. ಅದೇ 20 ಯೂನಿಟ್ ಬಾಟ್ಲಿಯಿಂದ ಎಳೆದಾಗ ಅರ್ಧ ಮಿಲಿಲೀಟರ್, ಸಿರಿಂಜಿನ ಅರ್ಧದಷ್ಟು ಬಿಳಿ ದ್ರವ. “ಇಷ್ಟೊಂದಾ?” ಎಂದು ಹೆದರಿ ತಾವೇ ಕಡಿಮೆ ಮಾಡಿಕೊಳ್ಳುವವರಿದ್ದಾರೆ. ಬಾಟ್ಲಿಯನ್ನು ಅಂಗೈಗಳ ನಡುವೆ ಉರುಳಿಸಿ ಬೆರೆಸಬೇಕು, ಜೋರಾಗಿ ಕುಲುಕಬಾರದು. ರಬ್ಬರ್ ಒರೆಸಿ, ಡೋಸಿನಷ್ಟೇ ಗಾಳಿಯನ್ನು ಮೊದಲು ಒಳಗೆ ಬಿಟ್ಟು, ಬಾಟ್ಲಿಯನ್ನು ತಲೆಕೆಳಗು ಮಾಡಿ ಎಳೆದು, ಗುಳ್ಳೆಗಳನ್ನು ತಟ್ಟಿ ಹೊರಹಾಕಬೇಕು. ಸಿರಿಂಜಿನ ಸೂಜಿ ಪೆನ್ನಿನದಕ್ಕಿಂತ ಉದ್ದ, ಹಾಗಾಗಿ ಹೊಟ್ಟೆಯ ಚರ್ಮವನ್ನು ಮಡಿಕೆ ಹಿಡಿಯಬೇಕು, ಇಲ್ಲದಿದ್ದರೆ ತೆಳ್ಳಗಿರುವವರಲ್ಲಿ ಅದು ಮಾಂಸಖಂಡಕ್ಕೆ ಇಳಿದು ಮೈ ಇನ್ಸುಲಿನ್ನನ್ನು ಬೇಗ ಹೀರಿಕೊಳ್ಳುತ್ತದೆ. ಒಂದೊಂದೂ ಸಣ್ಣ ಕೆಲಸ. ಒಟ್ಟು ಸೇರಿದಾಗ ನೋಡುವ ಕಣ್ಣು, ನಡುಗದ ಎರಡು ಕೈ ಬೇಕೆನ್ನುವ ಕೆಲಸ.

ಬಾಟ್ಲಿಯನ್ನು ನಾನು ಹಳಿಯುತ್ತಿಲ್ಲ. ಅದು ಯೂನಿಟ್ ಲೆಕ್ಕದಲ್ಲಿ ಅಗ್ಗ, ಅದರಿಂದಲೇ ಬದುಕುತ್ತಿರುವ ಲಕ್ಷಾಂತರ ಜನ ನಮ್ಮಲ್ಲಿದ್ದಾರೆ, ಒಳ್ಳೆಯ ಕಣ್ಣಿರುವ ನುರಿತ ಕೈಗೆ ಅದರಲ್ಲಿ ಯಾವ ಕೊರತೆಯೂ ಇಲ್ಲ. ಮೊದಲಿನಿಂದ ಬಾಟ್ಲಿಯಲ್ಲೇ ಇದ್ದ ಮನೆಯ ಕಥೆ ಬೇರೆ, ಪೆನ್ನಿನಿಂದ ಬಾಟ್ಲಿಗೆ ಎಪ್ಪತ್ತನೇ ವಯಸ್ಸಿನಲ್ಲಿ ಇಳಿಯಬೇಕಾದ ಮನೆಯ ಕಥೆ ಬೇರೆ ಎಂಬುದಷ್ಟೇ ನನ್ನ ಮಾತು.

ಬಾಟ್ಲಿ ಬೇಡವೆಂದರೆ ಬೇರೆ ಕಂಪನಿಯ ಪೆನ್ನಿದೆ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಇನ್ಸುಜೆನ್ ಹೆಸರಿನಲ್ಲಿ ಹ್ಯೂಮನ್ ಇನ್ಸುಲಿನ್ ತಂದಿತು, ಅದರ 30/70 ಮಿಶ್ರಣವೂ ಕಾರ್ಟ್ರಿಜ್ಜಿನಲ್ಲಿದೆ, ಅದಕ್ಕೆ ಹೊಂದುವ ಇನ್ಸುಪೆನ್ನೂ ಬಂತು. ನಮ್ಮ ನೆಲದಲ್ಲೇ ತಯಾರಾಗುವ ಬದಲಿ ಇರುವುದು ದೊಡ್ಡ ಧೈರ್ಯ, ಇದನ್ನು ನಾನು ಒತ್ತಿ ಹೇಳುತ್ತೇನೆ. ಆದರೆ ಮನೆಯಲ್ಲಿರುವ ಗಟ್ಟಿಮುಟ್ಟಾದ ನೋವೊಪೆನ್ನಿಗೆ ಆ ಕಾರ್ಟ್ರಿಜ್ಜನ್ನು ಹಾಕುವಂತಿಲ್ಲ. ಒಬ್ಬೊಬ್ಬರ ಪೆನ್ನೂ ಅವರವರ ಕಾರ್ಟ್ರಿಜ್ಜಿಗೇ ಅಳತೆ ಮಾಡಿದ್ದು. ಹೇಗೋ ಕೂತಂತೆ ಕಂಡರೂ ಡೋಸ್ ತಪ್ಪಬಹುದು. ಪೆನ್ನುಗಳಿಗೆ ಸೂಜಿ ಮಟ್ಟಿಗೆ ಒಂದು ಸಮಾನ ಅಳತೆ ಬಂತು, ಕಾರ್ಟ್ರಿಜ್ಜಿಗೆ ಹಾಗೆ ಆಗಲಿಲ್ಲ. ಯಾವ ಕಂಪನಿಯ ಔಷಧವಾದರೂ ಯಾವ ಪೆನ್ನಿಗಾದರೂ ಹೊಂದುವಂತೆ ಮೊದಲೇ ಕಟ್ಟುಪಾಡು ಮಾಡಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ರೋಗಿಯ ಕೈಯಲ್ಲಿರುವ ಉಪಕರಣವನ್ನು ಒಂದು ಅಂಗಡಿಗೆ ಮಾತ್ರ ಕಟ್ಟಿಹಾಕುವ ಈ ಪದ್ಧತಿಯಲ್ಲೇ ತೊಂದರೆಯ ಬೇರಿದೆ.

ಮೂರನೆಯ ದಾರಿ ನೋವೊ ನಾರ್ಡಿಸ್ಕ್ ಕಂಪನಿಯದೇ ಹೊಸ ಇನ್ಸುಲಿನ್. ನೋವೊಮಿಕ್ಸ್ 30ರ ಪೆನ್‌ಫಿಲ್ ಹಳೆಯ ನೋವೊಪೆನ್ನಿಗೆ ಸರಿಯಾಗಿ ಕೂರುತ್ತದೆ. ಬೆಲೆ ಹೆಚ್ಚು. ಅದೇ ಪೆನ್ನು, ಅದೇ ಕ್ಲಿಕ್, ಅದೇ 30 ಎಂಬ ಅಂಕಿ, ಹಾಗಾಗಿ ಏನೂ ಬದಲಾಗಿಲ್ಲ ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಬದಲಾಗಿರುವುದು ಹೊತ್ತು. ಮಿಕ್ಸ್‌ಟಾರ್ಡ್ ಚುಚ್ಚಿಕೊಂಡು ಅರ್ಧ ಗಂಟೆ ಕಾದು ತಿನ್ನಬೇಕು. ನೋವೊಮಿಕ್ಸ್ ಬೇಗ ಕೆಲಸ ಶುರುಮಾಡುವುದರಿಂದ ಚುಚ್ಚಿಕೊಂಡ ಕೂಡಲೇ ತಟ್ಟೆಯ ಮುಂದೆ ಕೂರಬೇಕು. ವರ್ಷಗಳ ರೂಢಿಯಂತೆ “ನನ್ನ ತಿಂಡಿ ಅರ್ಧ ಗಂಟೆಗೆ” ಎಂದು ಕಾಯುವ ಅಜ್ಜಿಗೆ ಆ ಅರ್ಧ ಗಂಟೆಯಲ್ಲೇ ಬೆವರು, ನಡುಕ, ಕಣ್ಣು ಕತ್ತಲೆ. ಶುಗರ್ ಲೋ ಆಗುವುದು ಅಂದರೆ ಅದೇ. ದೋಸೆಯ ಹಂಚು ಕಾಯುವುದಕ್ಕೂ ಇಂಜೆಕ್ಷನ್ನಿಗೂ ಇದ್ದ ಹಳೆಯ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಡಾಕ್ಟರು ಹೊಸ ಹೆಸರು ಬರೆದುಕೊಟ್ಟಾಗ ಈ ಒಂದು ವಾಕ್ಯವನ್ನು ಹೇಳದೆ ಕಳಿಸಿದರೆ ಚಿಕಿತ್ಸೆಯನ್ನು ಅರ್ಧವೇ ಕೊಟ್ಟಂತೆ.

ಇಷ್ಟಾಗುವಾಗ ಕಾನೂನು ಎಲ್ಲಿದೆ? ಇದೆ, ಓದಿದರೆ ಸಮಾಧಾನವೂ ಆಗುತ್ತದೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ 21ನೇ ಪರಿಚ್ಛೇದ ಹೀಗೆನ್ನುತ್ತದೆ: ಬೆಲೆ ನಿಯಂತ್ರಣದ ಪಟ್ಟಿಯಲ್ಲಿರುವ ಔಷಧವನ್ನು ನಿಲ್ಲಿಸಬೇಕೆಂದಿರುವ ತಯಾರಕರು ಕನಿಷ್ಠ ಆರು ತಿಂಗಳು ಮುಂಚೆ ಸಾರ್ವಜನಿಕ ಪ್ರಕಟಣೆ ಕೊಡಬೇಕು, ಸರ್ಕಾರಕ್ಕೂ ತಿಳಿಸಬೇಕು. ಜನಹಿತಕ್ಕೆ ಬೇಕೆನಿಸಿದರೆ ಸರ್ಕಾರ ಒಂದು ವರ್ಷದವರೆಗೆ ತಯಾರಿಕೆಯನ್ನೋ ಆಮದನ್ನೋ ಮುಂದುವರಿಸಲು ಹೇಳಬಹುದು. ಒಳ್ಳೆಯ ನಿಯಮ. ಅದರ ಮಿತಿ ಇರುವುದು ದೃಷ್ಟಿಯಲ್ಲಿ. ಆ ಆದೇಶ ಹುಟ್ಟಿದ್ದೇ ಬೆಲೆಗಾಗಿ, ಅದಕ್ಕೆ ಮುಖ್ಯವಾಗಿ ಕಾಣುವುದು ಔಷಧ. ಅದೇ ಔಷಧ ಬಾಟ್ಲಿಯಲ್ಲಿ ಸಿಗುತ್ತಿರುವವರೆಗೆ ಕೊರತೆ ಇದೆ ಎಂದು ಅದರ ಲೆಕ್ಕಕ್ಕೆ ಬರುವುದು ಕಷ್ಟ. ಪತ್ರಿಕೆಯಲ್ಲಿ ಬಂದ ಪ್ರಕಟಣೆ ಹಾಸನದ ಆ ಅಜ್ಜಿಯನ್ನು ತಲುಪುವ ದಾರಿಯನ್ನೂ ಅದು ಹೇಳುವುದಿಲ್ಲ. ತಿಂಗಳು ತಿಂಗಳೂ ಅದೇ ರೀಫಿಲ್ ಕೊಳ್ಳುವವರ ಹೆಸರು, ಫೋನ್ ನಂಬರು ಔಷಧಿ ಅಂಗಡಿಯ ಬಿಲ್ಲಿನಲ್ಲೇ ಇರುತ್ತದೆ. ಕೊನೆಯ ಸ್ಟಾಕ್ ಬರುವ ಮುಂಚೆ ಅವರಿಗೆ ಒಂದು ಫೋನ್ ಮಾಡಿಸುವುದು ಕಂಪನಿಗೆ, ವಿತರಕರಿಗೆ ಅಸಾಧ್ಯವಾದ ಕೆಲಸವಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಇದು ನಮಗಿಂತ ಒಂದು ವರ್ಷ ಮುಂಚೆ ನಡೆಯಿತು. ಸುಮಾರು ಹತ್ತು ವರ್ಷ ಅಲ್ಲಿನ ಸರ್ಕಾರಿ ಆಸ್ಪತ್ರೆಗಳಿಗೆ ಹ್ಯೂಮನ್ ಇನ್ಸುಲಿನ್ ಪೆನ್ನು ಒದಗಿಸುತ್ತಿದ್ದ ಇದೇ ಕಂಪನಿ 2024ರಲ್ಲಿ ಒಪ್ಪಂದವನ್ನು ಮುಂದುವರಿಸಲಿಲ್ಲ. ಸರ್ಕಾರ ಜನರನ್ನು ಮತ್ತೆ ಬಾಟ್ಲಿ ಸಿರಿಂಜಿಗೆ ಕಳಿಸಬೇಕಾಯಿತು. ಗಡಿರಹಿತ ವೈದ್ಯರ ಸಂಸ್ಥೆ ಅದನ್ನು ಬಹಿರಂಗವಾಗಿ ಖಂಡಿಸಿತು. ತೂಕ ಇಳಿಸುವ ಔಷಧಗಳಿಗೆ ಜಗತ್ತಿನಲ್ಲಿ ಬೇಡಿಕೆ ಏರಿರುವಾಗ ಬಡ ರೋಗಿಯ ಪೆನ್ನು ಹಿಂದೆ ಬಿತ್ತು ಎಂಬುದು ಟೀಕಾಕಾರರ ವಾದ. ಭಾರತದಲ್ಲಿ ಆ ಕಂಪನಿಯ ತೂಕ ಇಳಿಸುವ ಔಷಧ ವೆಗೋವಿ 2025ರ ಜೂನ್‌ನಲ್ಲಿ ಬಂತು, ಅದೂ ಪೆನ್ನಿನಲ್ಲೇ. ಒಂದಕ್ಕೆ ಇನ್ನೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಐಸಿಎಂಆರ್ ಸಮೀಕ್ಷೆಯ ಪ್ರಕಾರ 10.1 ಕೋಟಿ ಮಧುಮೇಹಿಗಳಿರುವ ದೇಶದಲ್ಲಿ ಒಂದೇ ವರ್ಷ ಒಂದು ಪೆನ್ನು ಬಂದು ಇನ್ನೊಂದು ಪೆನ್ನು ಹೋದಾಗ, ಯಾರ ಅಗತ್ಯ ಮುಂದೆ, ಯಾರದು ಹಿಂದೆ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಉಪಕರಣವನ್ನು ನಿಲ್ಲಿಸುವ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡಬಹುದೇ ಎಂದು ಹುಡುಕಿದರೆ ಅಮೆರಿಕದ ಅನಿಮಾಸ್ ಇನ್ಸುಲಿನ್ ಪಂಪಿನ ಉದಾಹರಣೆ ಸಿಗುತ್ತದೆ. ಕ್ಯಾಥರಿನ್ ಕ್ರೋಥಲ್ ಎಂಬ ಎಂಜಿನಿಯರ್ 1996ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಕಂಪನಿ ಅದು. 2006ರಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಅದನ್ನು ಕೊಂಡಿತು. ಇನ್ಸುಲಿನ್ ಪಂಪ್ ಅಂದರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಸಣ್ಣ ಕೊಳವೆಯಿಂದ ದಿನವಿಡೀ ಹನಿಹನಿಯಾಗಿ ಇನ್ಸುಲಿನ್ ಬಿಡುವ ಯಂತ್ರ, ಹೆಚ್ಚಾಗಿ ಟೈಪ್ 1 ಇರುವವರಿಗೆ. ಅನಿಮಾಸ್‌ನ ಒನ್‌ಟಚ್ ಪಿಂಗ್ ಎಂಬ ಮಾದರಿಯನ್ನು ಚಿಕ್ಕ ಮಕ್ಕಳ ತಾಯಂದಿರು ಮೆಚ್ಚಿದ್ದರು. ಗಂಟೆಗೆ ಒಂದು ಯೂನಿಟ್ಟಿನ ನಲವತ್ತರಲ್ಲಿ ಒಂದು ಭಾಗದ ಹೆಜ್ಜೆಗಳಲ್ಲಿ ಅದನ್ನು ಏರಿಸಬಹುದು ಇಳಿಸಬಹುದು. ಎರಡು ಮೂರು ವರ್ಷದ ಮಗುವಿಗೆ ಬೇಕಾಗುವುದು ಅಷ್ಟೇ ಸಣ್ಣ ಪ್ರಮಾಣ. ಶುಗರ್ ನೋಡುವ ಮೀಟರೇ ರಿಮೋಟ್ ಆಗಿದ್ದರಿಂದ ಆಡುತ್ತಿರುವ, ಮಲಗಿರುವ ಮಗುವಿನ ಬಟ್ಟೆ ಸರಿಸದೆ ದೂರದಿಂದಲೇ ಡೋಸ್ ಕೊಡಬಹುದಿತ್ತು. ನೀರಿಗಿಳಿದರೂ ಪಂಪಿಗೆ ಏನೂ ಆಗುತ್ತಿರಲಿಲ್ಲ.

2017ರ ಅಕ್ಟೋಬರ್ 5ರಂದು ಪಂಪಿನ ವ್ಯಾಪಾರದಿಂದ ಹೊರಬರುತ್ತಿರುವುದಾಗಿ ಕಂಪನಿ ಘೋಷಿಸಿತು. ಅಮೆರಿಕ ಕೆನಡಾಗಳಲ್ಲಿ ಸುಮಾರು 90,000 ಜನ ಅದನ್ನು ಬಳಸುತ್ತಿದ್ದರು. ಅಲ್ಲಿ ಒಳ್ಳೆಯದೆಂದು ಹೇಳಬೇಕಾದ್ದು ಕೊಟ್ಟ ಕಾಲಾವಕಾಶ. 2019ರ ಸೆಪ್ಟೆಂಬರ್ ಕೊನೆಯವರೆಗೆ ಕಾರ್ಟ್ರಿಜ್ ಮುಂತಾದವು ಸಿಗುತ್ತವೆ ಎಂದು ದಿನಾಂಕ ಹಾಕಿ ಹೇಳಿದರು. ಎರಡು ವರ್ಷ ಅಂದರೆ ಡಾಕ್ಟರನ್ನು ಕಂಡು, ವಿಮೆಯವರ ಜೊತೆ ಮಾತಾಡಿ, ಶಾಲೆಯ ರಜೆಯಲ್ಲಿ ಹೊಸ ಯಂತ್ರ ಕಲಿತು ಬದಲಾಯಿಸಿಕೊಳ್ಳುವಷ್ಟು ಸಮಯ. ಆದರೆ ಮೆಡ್‌ಟ್ರಾನಿಕ್ ಕಂಪನಿಯೊಂದನ್ನೇ ಪಾಲುದಾರನಾಗಿ ಆರಿಸಿ ಜನರನ್ನು ಆ ಕಡೆಗೇ ದಾಟಿಸಿದ್ದು ತಪ್ಪು. ಅದರ ಹೊಸ ಸ್ವಯಂಚಾಲಿತ 670ಜಿ ಪಂಪಿಗೆ ಆಗ 14 ವರ್ಷ ಮೇಲ್ಪಟ್ಟವರಿಗೆ ಮಾತ್ರ ಒಪ್ಪಿಗೆಯಿತ್ತು, ಏಳು ವರ್ಷದ ಮಕ್ಕಳಿಗೆ ಸಿಕ್ಕಿದ್ದು 2018ರಲ್ಲಿ. ಅಮೆರಿಕದಲ್ಲಿ ವಿಮೆ ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಹೊಸ ಪಂಪಿನ ಖರ್ಚು ಕೊಡುತ್ತದೆ. ಹಾಗಾಗಿ ಬೇರೆ ಕಂಪನಿ ಬೇಕೆಂದವರು ವಿಮೆಯ ಜೊತೆ ಗುದ್ದಾಡಬೇಕಾಯಿತು.

ಆ ಮನೆಗಳಲ್ಲಿ ಆದದ್ದಕ್ಕೂ ನಮ್ಮ ಪೆನ್ನಿನ ಕಥೆಗೂ ಹೋಲಿಕೆ ಎದ್ದು ಕಾಣುತ್ತದೆ. ಅನಿಮಾಸ್ ಪಂಪಿನ ಕೊಳವೆಯ ತುದಿ ಹಲವರು ಬಳಸುವ ಸಾಮಾನ್ಯ ಜೋಡಣೆಯದು, ಮೆಡ್‌ಟ್ರಾನಿಕ್‌ನದು ಅದರದೇ ಆದದ್ದು. ಕಪಾಟಿನಲ್ಲಿ ಕೂಡಿಟ್ಟಿದ್ದ ಕೊಳವೆಗಳ ಡಬ್ಬಗಳು ಹೊಸ ಪಂಪಿಗೆ ಹೊಂದುವುದಿಲ್ಲ. ಅದಕ್ಕಿಂತ ದೊಡ್ಡದು ಅಂಕಿಗಳ ವಿಷಯ. ಪಂಪಿಗೆ ಹಾಕಿದ್ದ ಅಂಕಿಗಳನ್ನೇ, ಅಂದರೆ ಇಷ್ಟು ಅನ್ನಕ್ಕೆ ಇಷ್ಟು, ಇಷ್ಟು ಏರಿದ ಶುಗರಿಗೆ ಇಷ್ಟು ಎಂಬುದನ್ನು, ಹೊಸದಕ್ಕೆ ನಕಲು ಮಾಡಿದರೂ ಅದೇ ಡೋಸ್ ಬರುವುದಿಲ್ಲ. ಹಿಂದಿನ ಡೋಸಿನಲ್ಲಿ ಮೈಯೊಳಗೆ ಇನ್ನೂ ಕೆಲಸ ಮಾಡುತ್ತಿರುವ ಇನ್ಸುಲಿನ್ನನ್ನು ಒಂದೊಂದು ಕಂಪನಿಯ ಯಂತ್ರ ಒಂದೊಂದು ರೀತಿ ಕಳೆಯುತ್ತದೆ. ಮೆಡ್‌ಟ್ರಾನಿಕ್ ಪಂಪು ಅದನ್ನು ಏರಿದ ಶುಗರ್ ಇಳಿಸುವ ಭಾಗದಿಂದ ಮಾತ್ರ ಕಳೆಯುತ್ತದೆ, ಊಟದ ಭಾಗವನ್ನು ಮುಟ್ಟುವುದಿಲ್ಲ. ಬೇರೆಯವರ ಲೆಕ್ಕ ಬೇರೆ. ರಾತ್ರಿ ಎರಡು ಗಂಟೆಗೆ ಎದ್ದು ಮಗುವಿನ ಶುಗರ್ ನೋಡಿ ನೋಡಿ ತಂದೆತಾಯಿ ತಿಂಗಳುಗಟ್ಟಲೆ ಕಂಡುಕೊಂಡ ಅಂಕಿಗಳನ್ನು ಮತ್ತೆ ಮೊದಲಿನಿಂದ ಕಂಡುಕೊಳ್ಳಬೇಕು. ಪಂಪಿನಲ್ಲಿರುವವರ ಮೈಯಲ್ಲಿ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಇರುವುದಿಲ್ಲವಾದ್ದರಿಂದ ಬದಲಾವಣೆಯ ನಡುವೆ ಯಂತ್ರ ಕೆಲ ಗಂಟೆ ಕೈಕೊಟ್ಟರೂ ರಕ್ತದಲ್ಲಿ ಕೀಟೋನ್ ಆಮ್ಲ ಏರಿ ಆಸ್ಪತ್ರೆ ಸೇರಬೇಕಾಗಬಹುದು. ಇಷ್ಟು ಜ್ಞಾನ, ಇಷ್ಟು ನಿದ್ದೆಗೆಟ್ಟ ರಾತ್ರಿಗಳು ಯಂತ್ರದ ಜೊತೆಗೇ ಮೂಲೆಗೆ ಸೇರಿದವು.

ಈ ಎರಡನ್ನು ಅಕ್ಕಪಕ್ಕ ಇಟ್ಟು ತೂಗಿದರೆ ನನ್ನ ತೀರ್ಪು ಇದು. ಕಂಪನಿ ಒಂದು ಉಪಕರಣವನ್ನು ನಿಲ್ಲಿಸುವುದೇ ಅಪರಾಧವಲ್ಲ, ಎಲ್ಲ ಯಂತ್ರಕ್ಕೂ ಕೊನೆಯಿದೆ. ಅನಿಮಾಸ್ ಮುಚ್ಚಿದವರು ಕೊನೆಯ ದಿನಾಂಕ ಹೇಳಿದರು, ಆಯ್ಕೆಯನ್ನು ಕಿರಿದು ಮಾಡಿದರು. ನಮ್ಮಲ್ಲಿ ಆಯ್ಕೆ ಇನ್ನೂ ಇದೆ, ಬಯೋಕಾನ್‌ನಂಥವರು ಇದ್ದಾರೆ. ಆದರೆ ಆ ಆಯ್ಕೆ ಮನೆಯವರಿಗೆ ತಿಳಿಯುವ ವ್ಯವಸ್ಥೆಯೇ ಇಲ್ಲ. ಔಷಧಿ ಅಂಗಡಿಯವನು ಬಾಟ್ಲಿ ಎಂದರೆ ಬಾಟ್ಲಿ, ಡಾಕ್ಟರು ಹೊಸ ಇನ್ಸುಲಿನ್ ಎಂದರೆ ಹೊಸದು. ಶೀಶೆಯಿಂದ ಎಳೆಯಬೇಕಾದ ಸೊಸೆಗೆ, ಮಗಳಿಗೆ ಕಲಿಸಿಕೊಡುವ ಹೊಣೆ ಯಾರ ಮೇಲೂ ಇಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಒಬ್ಬ ನರ್ಸ್ ಕುಳಿತು, ಪೆನ್ನಿನಿಂದ ಬಾಟ್ಲಿಗೆ ಬಂದವರ ಕೈಯಲ್ಲಿ ಒಮ್ಮೆ ಎಳೆಸಿ ನೋಡಿ, ಸಿರಿಂಜಿನ ಬಣ್ಣ ತೋರಿಸಿ ಕಳಿಸಿದರೆ ತಪ್ಪುವ ಅನಾಹುತಗಳು ಎಷ್ಟೋ. ಅದಕ್ಕೆ ಬೇಕಾದ ಖರ್ಚು ಪೆನ್ನು ನಿಲ್ಲಿಸಿದವರಿಂದಲೇ ಬರಬೇಕು ಎಂದು ನಾನು ನಂಬುತ್ತೇನೆ.

ತಕ್ಷಣ ಆಗಬಹುದಾದದ್ದು ಡಾಕ್ಟರ ಚೀಟಿಯಲ್ಲಿದೆ. ಈಗ ಅದರಲ್ಲಿ ಇರುವುದು ಇನ್ಸುಲಿನ್ನಿನ ಹೆಸರು, 22-0-14 ಎಂಬ ಮೂರು ಅಂಕಿ. ಪೆನ್ನಿದ್ದಾಗ ಅಷ್ಟು ಸಾಕಾಗುತ್ತಿತ್ತು, ಉಳಿದದ್ದನ್ನು ಪೆನ್ನೇ ನೋಡಿಕೊಳ್ಳುತ್ತಿತ್ತು. ಬಾಟ್ಲಿಗೆ ಬದಲಾಯಿಸುವ ದಿನ ಅದರ ಕೆಳಗೆ ಕನ್ನಡದಲ್ಲಿ “ಬಾಟ್ಲಿ 40 ಯೂನಿಟ್, ಕೆಂಪು ಮುಚ್ಚಳದ ಸಿರಿಂಜು ಮಾತ್ರ, ಊಟಕ್ಕೆ ಅರ್ಧ ಗಂಟೆ ಮೊದಲು, ಹಳೆಯ ರೀಫಿಲ್‌ನಿಂದ ಸಿರಿಂಜಿನಲ್ಲಿ ಎಳೆಯಬೇಡಿ” ಎಂದು ಬರೆಯಬೇಕು. ಹೊಸ ಇನ್ಸುಲಿನ್ನಿಗೆ ಬದಲಾಯಿಸಿದರೆ “ಚುಚ್ಚಿದ ಕೂಡಲೇ ಊಟ” ಎಂದು ದಪ್ಪ ಅಕ್ಷರದಲ್ಲಿರಬೇಕು. ಔಷಧಿ ಅಂಗಡಿಯವರು ಬಾಟ್ಲಿಯನ್ನು ಸಿರಿಂಜಿನ ಜೊತೆಯಲ್ಲೇ ಕೊಡಬೇಕು, ಮನೆಯಲ್ಲಿ ಯಾವ ಬಣ್ಣದ ಮುಚ್ಚಳದ್ದಿದೆ ಎಂದು ಕೇಳದೆ ಬಾಟ್ಲಿಯೊಂದನ್ನೇ ಕೈಗಿಡಬಾರದು.